ತೇವ ಕುಡಿದ ಟ್ಯಾಂಕು

ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವವರು ಮಾವ. ಅದರ ಹೈಡ್ರೋಜನ್ ಟ್ಯಾಂಕು ನೋಡಿಕೊಳ್ಳುವವಳು ಸೊಸೆ. ಮನೆಯಲ್ಲಿ ಇಬ್ಬರಿಗೂ ಬಲು ಹೊಂದಿಕೆ. ಕೆಲಸದಲ್ಲಿ ಮಾತ್ರ ದಿನಕ್ಕೊಂದು ತಕರಾರು.

"ನಿನ್ನ ಟ್ಯಾಂಕು ಮುದಿಯಾಯ್ತು ಕಣಮ್ಮಾ," ಎಂದು ಒಂದು ಬೆಳಿಗ್ಗೆ ಮಾವ ದೂರು ತಂದರು. "ಮೊದಲು ಸಂಜೆವರೆಗೂ ಓಡ್ತಿತ್ತು. ಈಗ ಊಟದ ಹೊತ್ತಿಗೇ ಏದುಸಿರು ಬಿಡುತ್ತೆ."

"ನೀವು ಗಾಡೀನ ಓಡಿಸ್ತೀರೋ ಹಾರಿಸ್ತೀರೋ ಮಾವಾ?" ಎಂದು ಅವಳು ನಕ್ಕಳು. ಆದರೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಆ ಟ್ಯಾಂಕಿನೊಳಗೆ ಇರುವುದು ಲೋಹದ ಪುಡಿ. ಅನಿಲ ತುಂಬಿದಾಗ ಲೋಹ ಅದನ್ನು ಹೀರಿಕೊಂಡು ಉಬ್ಬುತ್ತದೆ, ಬಿಟ್ಟುಕೊಟ್ಟಾಗ ಕುಗ್ಗುತ್ತದೆ. ಉಬ್ಬಿ ಕುಗ್ಗಿ, ಕಣಗಳು ಬಿರುಕುಬಿಟ್ಟು ಬರಬರುತ್ತ ನುಣ್ಣಗಾಗುವುದು ಸಹಜ. ಆದರೆ ಒಂದೇ ತಿಂಗಳಲ್ಲಿ ಅರ್ಧಕ್ಕರ್ಧ ಕಸುವು ಇಳಿದುಹೋಗುವುದೆಂದರೆ?

ಅವಳು ಅನಿಲ ತುಂಬುವ ಕೊಳವೆಯ ಜಾಡು ಹಿಡಿದಳು. ಕವಾಟ ಸರಿಯಿತ್ತು, ಜೋಡಣೆ ಸರಿಯಿತ್ತು. ಕೊನೆಗೆ ಕೊಳವೆ ಖಾಲಿ ಮಾಡಿ, ತೇವ ಹೀರುವ ಡಬ್ಬಿ ಬಿಚ್ಚಿ ನೋಡಿದಳು. ನೀಲಿ ಇರಬೇಕಾದ ಮಣಿಗಳೆಲ್ಲ ನೀರು ಕುಡಿದು ಗುಲಾಬಿಯಾಗಿದ್ದವು. ಅವನ್ನು ಬದಲಿಸಬೇಕಾದವಳು ಅವಳೇ. ಹೋದ ತಿಂಗಳು ಮಗಳ ಜ್ವರದ ಗಡಿಬಿಡಿಯಲ್ಲಿ, ಡಬ್ಬಿ ತೆರೆಯದೆಯೇ ಪಟ್ಟಿಯಲ್ಲಿ ಸರಿ ಗುರುತು ಹಾಕಿದ್ದಳು. ಒಳಹೊಕ್ಕ ತೇವ ಪುಡಿಯ ಮೇಲೆಲ್ಲ ತುಕ್ಕಿನಂಥ ಪೊರೆ ಕಟ್ಟಿ ಅನಿಲಕ್ಕೆ ಬಾಗಿಲು ಮುಚ್ಚಿತ್ತು.

ಸದ್ದಿಲ್ಲದೆ ಮಣಿ ಬದಲಿಸಿ, ಟ್ಯಾಂಕೇ ಕೆಟ್ಟದ್ದೆಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಡಬ್ಬಿ ಹಿಡಿದುಕೊಂಡೇ ಮೇಲ್ವಿಚಾರಕಿಯ ಕೋಣೆಗೆ ಹೋದಳು.

"ತಪ್ಪು ನಂದೇ ಮೇಡಂ. ನೋಡದೆ ಗುರುತು ಹಾಕ್ಬಿಟ್ಟೆ."

ಅವರು ಮಣಿಗಳನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. "ಬೈಸ್ಕೊಳ್ಳೋಕೆ ಆಮೇಲೆ ಬಾ. ಈಗ ಟ್ಯಾಂಕು ಉಳಿಯುತ್ತಾ ಹೇಳು."

"ಬಿಸಿ ಮಾಡಿ, ಒಳಗಿರೋದನ್ನೆಲ್ಲ ಪಂಪಲ್ಲಿ ಎಳೆದು, ಒಣ ಅನಿಲ ತುಂಬಿ ತೆಗೆದು ಮಾಡಿದ್ರೆ ಬಹುಪಾಲು ಸರಿಹೋಗ್ಬಹುದು. ಪೂರ್ತಿ ಅಲ್ಲ."

ಮೂರು ದಿನ ಅವಳು ಅದನ್ನೇ ಮಾಡಿದಳು. ಅಷ್ಟೂ ದಿನ ಕೈಗಾಡಿ ತಳ್ಳಿದ ಮಾವ, ಎದುರು ಸಿಕ್ಕಾಗಲೆಲ್ಲ "ರೋಗಿ ಹೇಗಿದ್ದಾನಮ್ಮಾ?" ಎಂದು ವಿಚಾರಿಸುತ್ತಿದ್ದರು. ನಾಲ್ಕನೆಯ ದಿನ ಫೋರ್ಕ್‌ಲಿಫ್ಟ್ ಊಟದ ಹೊತ್ತು ದಾಟಿತು, ಚಹಾದ ಹೊತ್ತೂ ದಾಟಿತು. ಕೆಲಸ ಮುಗಿಯಲು ಅರ್ಧ ಗಂಟೆ ಇರುವಾಗ ಸುಮ್ಮನೆ ನಿಂತಿತು.

"ಅರ್ಧ ಗಂಟೆ ಕಮ್ಮಿ ಆಯ್ತಲ್ಲ ಮಾವಾ," ಎಂದಳು ಸೊಸೆ.

"ಆ ಅರ್ಧ ಗಂಟೆ ನನ್ನ ಸೊಂಟಕ್ಕೆ ಬೇಕಿತ್ತು ಬಿಡು," ಎನ್ನುತ್ತ ಮಾವ ಕೆಳಗಿಳಿದು ಬೆನ್ನು ನೀವಿಕೊಂಡರು.

ಅವಳಿಗೆ ನಗು ಬಂತು. ನಾಲ್ಕು ದಿನಗಳ ಮೇಲೆ ಮೊದಲ ಸಲ ಚೆನ್ನಾಗಿ ಹಸಿವೂ ಆಯಿತು.