ಮೊರಬದಿಂದ ಬಂದ ಪ್ರಶ್ನೆ

ಚೀಲ ಮರಳಿ ಬಂದದ್ದು ಕಾರ್ತಿಕದ ಒಂದು ಮಧ್ಯಾಹ್ನ, ನವಲಗುಂದದ ಬಸ್ಸಿನ ಕಂಡಕ್ಟರನ ಕೈಯಲ್ಲಿ. ಮಡಿವಾಳೆಪ್ಪ ಮಾಸ್ತರರು ಎತ್ತಿ ನೋಡಿದರು. ಹೋಗುವಾಗಿನದಕ್ಕಿಂತ ಭಾರವಾಗಿತ್ತು. ಭಾರವಾಗಿ ಬಂದಷ್ಟೂ ಅವರಿಗೆ ದಣಿವು ಹೆಚ್ಚು.

ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಈ ಚೀಲ ಸುರು ಮಾಡಿ ಕೆಲವು ವರ್ಷಗಳಾಗಿದ್ದವು. ಹಳ್ಳಿಗಳಲ್ಲಿ ವಿಜ್ಞಾನ ತಿಳಿಸಿ ಹೇಳುವ ಮಾಸ್ತರರು, ನರ್ಸಬಾಯಿಯರು, ಗ್ರಾಮಸೇವಕರು ತಮ್ಮೊಳಗೆ ಮಾತಾಡಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಚೀಲ ಒಬ್ಬರಿಂದ ಇನ್ನೊಬ್ಬರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗುತ್ತದೆ. ಒಳಗಿನ ಹಾಳೆಗಳನ್ನೆಲ್ಲ ಓದಿ, ತಮ್ಮದೊಂದು ಹಾಳೆ ಸೇರಿಸಿ, ಮುಂದಿನವರಿಗೆ ಕಳಿಸಬೇಕು. ಚೀಲ ಯಾರ ಮನೆಯ ಗೂಟಕ್ಕೆ ತೂಗಿಬಿದ್ದಿದೆ ಎಂದು ಹುಡುಕುವುದು, ಜಗಳ ಹತ್ತಿದರೆ ಬಿಡಿಸುವುದು ಮಾಸ್ತರರ ಪಾಲು. ಗುಡಿಯಲ್ಲಿ ಪುರಾಣ ಓದುವಾಗ ಎದುರು ಕೂತು ‘ಹೂಂ’ ಎನ್ನುವವನೊಬ್ಬ ಬೇಕಲ್ಲ, ಅಂಥ ಕೆಲಸ. ಓದುವವನು ನಡುವೆ ನೀರು ಕುಡಿದಾನು. ಹೂಂ ಎನ್ನುವವನು ತೂಕಡಿಸುವಂತಿಲ್ಲ.

ಈ ಸಲದ ಪ್ರಶ್ನೆ ಮೊರಬದ ನರ್ಸ್ ಖೈರುನಬಿಯದು. ಆ ವರ್ಷ, ಎಂಬತ್ತನೆಯ ಇಸವಿ, ಫೆಬ್ರುವರಿಯಲ್ಲಿ ಖಗ್ರಾಸ ಸೂರ್ಯಗ್ರಹಣ. ಅದಕ್ಕೆ ಮೊದಲೇ ಚೀಲದವರೆಲ್ಲ ಒಂದು ಮಾತು ನಿಶ್ಚಯಿಸಿದ್ದರು: ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು, ಉಳಿದಂತೆ ಬಸುರಿಯರೂ ಉಣ್ಣಬಹುದು, ತಿರುಗಾಡಬಹುದು. ಬರೆದವರು ಮಾಸ್ತರರು. ಉಳಿದವರು ಒಪ್ಪಿ ರುಜು ಹಾಕಿದ್ದರು. ಖೈರುನಬಿ ಅದನ್ನು ಮೊರಬದ ಮನೆಮನೆಗೆ ಹೋಗಿ ಹೇಳಿದಳು. ಸಣ್ಣವ್ವ ಎಂಬ ಬಸುರಿ ನಂಬಿ, ಗ್ರಹಣದ ಹೊತ್ತಿನಲ್ಲಿ ರೊಟ್ಟಿ ತಿಂದಳು. ಶ್ರಾವಣದಲ್ಲಿ ಅವಳಿಗೆ ಹುಟ್ಟಿದ ಕೂಸಿನ ಮೇಲ್ದುಟಿ, ಒಳಗಿನ ಅಂಗುಳ ಎರಡೂ ಸೀಳಿದ್ದವು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊಲಿಯುತ್ತಾರೆ, ಸರಿಹೋಗುತ್ತದೆ. ಆದರೆ ಸಣ್ಣವ್ವನ ಅತ್ತೆ ಗುರವ್ವ, ನರ್ಸಬಾಯಿಯ ಮಾತು ಒಂದು ಸಲ ಕೇಳಿದ್ದೇ ಸಾಕು, ಕೂಸನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದಳು. ಖೈರುನಬಿ ತನ್ನ ಹಾಳೆಯಲ್ಲಿ ಇಷ್ಟೇ ಕೇಳಿದ್ದಳು: ‘ಗ್ರಹಣದಲ್ಲಿ ಉಂಡು ಚಲೋ ಕೂಸು ಹಡೆದವಳು ನಿಮ್ಮ ಊರಲ್ಲಿ ಒಬ್ಬಳಿದ್ದರೆ ಹೆಸರು ತಿಳಿಸಿರಿ. ಕರೆತಂದು ಗುರವ್ವನ ಮುಂದೆ ಕೂಡಿಸುತ್ತೇನೆ.’

ಮಾಸ್ತರರು ಹಾಳೆ ತಿರುವಿದರು. ಮಣ್ಣು ಹದವಾಗದೆ ಬಿತ್ತಬಾರದಿತ್ತು ಎಂದು ಗುಡಗೇರಿಯ ಗ್ರಾಮಸೇವಕ ಅಬ್ದುಲಮಜೀದ ಬರೆದಿದ್ದ. ಹೆದರಿ ಹೇಳುವುದು ವಿಜ್ಞಾನವೇ ಅಲ್ಲ ಎಂದು ನಿವೃತ್ತ ಹೆಡ್‌ಮಾಸ್ತರ ಕುಬೇರಪ್ಪನವರು ಅವನಿಗೆ ಉತ್ತರ ಕೊಟ್ಟು, ಕಾಕತಾಳೀಯ ನ್ಯಾಯವನ್ನು ಹಾಳೆಯ ಬೆನ್ನಿಗೂ ಹರಿಸಿದ್ದರು. ಮುಂದಿನವರು ಈ ಇಬ್ಬರಲ್ಲಿ ಒಬ್ಬರ ಕಡೆ.

ಹೆಂಡತಿ ರೇವವ್ವ ಚಹಾ ತಂದಿಟ್ಟಳು. “ಏನಂತಾರ್ರಿ ನಿಮ್ಮ ಪಂಡಿತರು?”

“ಭಾಳ ಬರದಾರ.”

“ಆ ನರ್ಸಬಾಯಿ ಹೆಸರು ಕೇಳಿದ್ಲಲ್ಲ?”

“ಒಂದೂ ಇಲ್ಲ.” ಗಂಡ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಹ್ಯಾಂಗ ಇರತಾವ? ಊರಾಗ ಹೇಳಿದ್ರ ತಾನ ಹೆಸರು. ನಾನರ ಎಲ್ಲಿ ಹೇಳೀನಿ? ಸಾಲಿ ಹುಡುಗೂರಿಗೆ ರಟ್ಟಿನ ತೂತಿನ್ಯಾಗ ಬಿಸಲ ತೋರಿಸಿಕೋತ ನಿಂತಿದ್ನಿ.”

“ಚಹಾ ಆರತೈತಿ,” ಎಂದಳು ರೇವವ್ವ.

ಮರುದಿನ ಅವರು ಮೊರಬದ ಬಸ್ಸು ಹತ್ತಿದರು. ಚೀಲ ಒಯ್ಯಲಿಲ್ಲ.

“ಚೀಲ ಕಳಸೂದು ಬಿಟ್ಟು ನೀವ ಬಂದ್ರ್ಯಾ ಸರ?” ಎಂದು ಖೈರುನಬಿ ನಕ್ಕಳು. ಅವರ ಮುಖ ನೋಡಿ ನಗು ನಿಂತಿತು. “ಒಂದ ಹೆಸರೂ ಸಿಗಲಿಲ್ರಿ?”

“ಇಲ್ಲವಾ.”

“ಹಂಗಾರ ಇಷ್ಟ ಮಂದ್ಯಾಗ ನಾ ಒಬ್ಬಾಕೀನ ಹೇಳಿದ್ನೇನ್ರಿ?”

ಮಾಸ್ತರರು ಹೌದೆಂದು ತಲೆಯಾಡಿಸಿದರು. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಗುರವ್ವನ ಮನೆಯ ದಾರಿ ತೋರಿಸಿದಳು.

ಗುರವ್ವ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. “ಮತ್ತ ಬಂದ್ಯಾ? ಈ ಸರ್ತಿ ಯಾರನ್ನ ಕಟಗೊಂಡ ಬಂದಿ ಬೇ?”

“ಯವ್ವಾ, ನಾ ಅಣ್ಣಿಗೇರಿ ಸಾಲಿ ಮಾಸ್ತರ. ಗ್ರಹಣದಾಗ ಉಣ್ರಿ ಅಂತ ಬರದಾಂವ ನಾನು. ಈಕಿ ನಿಮಗ ಬಂದು ಹೇಳಿದ್ಲು, ಅಷ್ಟ. ಬೈಯೂದಿದ್ರ ನನಗ ಬೈರಿ.”

“ಅಣ್ಣಿಗೇರ್ಯಾಗ ಕುಂತು ನೀ ಬರೀತಿ, ಮೊರಬದಾಗ ನನ್ನ ಮಮ್ಮಗನ ತುಟಿ ಹರೀತೈತಿ. ಚಲೋ ಆತು.”

“ಗ್ರಹಣದಿಂದ ಹರದಿಲ್ಲ ಯವ್ವಾ.”

“ಮತ್ತ್ಯಾತರಿಂದ?”

ಮಾಸ್ತರರಿಗೆ ಕುಬೇರಪ್ಪನವರ ಹಾಳೆ ನೆನಪಾಯಿತು. ಹೇಳುವ ತ್ರಾಣ ಬರಲಿಲ್ಲ. “ಇದಕ್ಕ ಯಾತರಿಂದ ಆತು, ನನಗ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನಾಕ ಬಸ್ಸ ಹತ್ತಿ ಬಂದ್ಯಾ?” ಮುದುಕಿ ಮೊರ ಕೆಳಗಿಟ್ಟು ಅವರನ್ನೇ ನೋಡಿದಳು.

ಒಳಗೆ ಕೂಸು ಅತ್ತಿತು. ಸಣ್ಣವ್ವ ಅದನ್ನೂ ಹಾಲಿನ ಬಟ್ಟಲನ್ನೂ ಹೊರಗೆ ತಂದಳು. ಮೊಲೆ ಚೀಪಲು ಬಾರದ ಕೂಸು, ಚಮಚದಿಂದಲೇ ಕುಡಿಸಬೇಕು.

“ಆತನ ಕೈಯಾಗ ಕೊಡು,” ಎಂದಳು ಗುರವ್ವ. “ಕುಡಿಸಿ ನೋಡಲಿ. ತಿಳೀತೈತಿ.”

ಮೊದಲ ಚಮಚ ಮೂಗಿನಿಂದ ಹೊರಬಂತು. ಎರಡನೆಯದು ಮಾಸ್ತರರ ಧೋತರದ ಮೇಲೆ.

“ತಲಿ ಎತ್ತರ ಹಿಡೀರಿ ಸರ,” ಎಂದಳು ಬೀದಿಯಲ್ಲೇ ನಿಂತಿದ್ದ ಖೈರುನಬಿ. “ಒಮ್ಮೆಲೆ ಸುರೀಬ್ಯಾಡ್ರಿ.”

“ಅಲ್ಲೆ ನಿಂತು ಏನ ಒದರತಿ? ಬಂದು ಹಿಡದ ತೋರಸು,” ಎಂದಳು ಗುರವ್ವ, ಕಡಲೆಯ ಮೊರ ಸರಿಸಿ ಜಾಗ ಮಾಡುತ್ತ. ಖೈರುನಬಿ ಕೂಸಿನ ತಲೆಗೆ ಅಂಗೈ ಕೊಟ್ಟಳು. ಹಾಲು ಇಳಿಯಿತು. ನಾಲ್ವರೂ ಗುಟುಕಿನ ಸದ್ದು ಕೇಳುತ್ತ ಕೂತರು.

“ಸೋಮಾರ ಹೋಗೂಣು ಹುಬ್ಬಳ್ಳಿಗೆ,” ಎಂದಳು ಮುದುಕಿ ಯಾರನ್ನೂ ನೋಡದೆ. “ಈ ಮಾಸ್ತರನೂ ಬರಲಿ. ಕೂಸು ಈತನ ತೊಡಿ ಮ್ಯಾಲ ಇರಲಿ. ಮತ್ತ ಏನರ ಆದ್ರ, ಬರದಾಂವ ಕೈಗೆ ಸಿಗಬೇಕು.”

ಸೋಮವಾರ ಮಾಸ್ತರರಿಗೆ ಸಾಲೆ ಇತ್ತು. “ಬರತೀನ್ರಿ ಯವ್ವಾ,” ಎಂದು ಅವರು ಇನ್ನೊಂದು ಚಮಚ ತುಂಬಿದರು.