ಪಾದ್ರಿಗಳು ಹೂಂ ಅನ್ನುವ ತನಕ

ಪುಟ್ಟ ದ್ವೀಪದ ಹಡಗುಕಟ್ಟೆಯ ತಗಡಿನ ಕೋಣೆಯಲ್ಲಿ ಗುಮಾಸ್ತೆ ಲವಿನಿಯಾ ಬೆಳಿಗ್ಗೆಯಿಂದ ಹೊಸ ಕಂಪ್ಯೂಟರಿನ ಮುಂದೆ ಕೂತು ಬೆವರುತ್ತಿದ್ದಳು. ಪ್ರಯಾಣಿಕರ ಪಟ್ಟಿ ಪರದೆಯ ಮೇಲೆ ಸಲೀಸಾಗಿ ಕಾಣುತ್ತಿತ್ತು. ಕಾಗದಕ್ಕೆ ಮಾತ್ರ ಇಳಿಯುತ್ತಿರಲಿಲ್ಲ. ಅಚ್ಚಾದ ಪಟ್ಟಿ ಕೈಗೆ ಬರದೆ ಕಪ್ತಾನ ಲಂಗರು ಎತ್ತುವವನಲ್ಲ. ಮಧ್ಯಾಹ್ನಕ್ಕೆ ನೀರಿಳಿದರೆ ಹವಳದ ದಿಬ್ಬ ದಾಟಲಾಗದು. ನಾಳೆ ರಾಜಧಾನಿ ನುಕುಅಲೋಫಾದಲ್ಲಿ ಅಕ್ಕನ ಮಗಳ ಮದುವೆ. ಕೆಲಸ ಬಿಟ್ಟು ಹೋಗಲಾಗದ ಲವಿನಿಯಾ ಉಡುಗೊರೆಗೆಂದು ಮೂರು ತಿಂಗಳು ಮರದ ತೊಗಟೆ ಬಡಿದು ಬಡಿದು ಮಾಡಿದ ತೊಗಟೆಬಟ್ಟೆ ಆಗಲೇ ಹಡಗಿನೊಳಗೆ ಸುತ್ತಿಟ್ಟಾಗಿತ್ತು.

ಪ್ರಿಂಟರನ್ನು ಆರಿಸಿ ಮತ್ತೆ ಹಚ್ಚಿದಳು. ಶಾಯಿಡಬ್ಬಿ ಅಲ್ಲಾಡಿಸಿದಳು. ಪ್ರಿಂಟರಿನದೇ ಗುಂಡಿ ಒತ್ತಿದರೆ ಪರೀಕ್ಷೆಯ ಹಾಳೆ ಚೆನ್ನಾಗಿಯೇ ಬಂತು. ಅಂದಮೇಲೆ ದೋಷ ಅದರದ್ದಲ್ಲ. ಕೊನೆಗೆ ರಾಜಧಾನಿಯ ಕಚೇರಿಗೆ ಫೋನು ಮಾಡಿದಳು. ಕಂಪ್ಯೂಟರು ನೋಡಿಕೊಳ್ಳುವ ಹುಡುಗ ಎತ್ತಿಕೊಂಡ.

"ಪ್ರಿಂಟ್ ಒತ್ತಿದ್ರೆ ಈ ಪುಟ ಪರದೆ ಮೇಲೆ ಇನ್ನೊಂದು ಕಿಟಕಿ ತೆರೀಬೇಕಕ್ಕ. ತೆರೀಲಾ ಅಂತ ಕಂಪ್ಯೂಟರು ಏನಾದ್ರೂ ಕೇಳ್ತಾ?"

"ಕೇಳ್ತಪ್ಪ. ಬೇಡ ಅಂದೆ."

"ಎಷ್ಟು ಸಲ?"

"ಕೇಳಿದಷ್ಟು ಸಲಾನೂ."

ಆ ಕಡೆಯವನು ಪುಟದ ಮೇಲ್ತುದಿಯಲ್ಲಿರುವ ಸಣ್ಣ ಗುರುತು ಒತ್ತಿ ಹೂಂ ಅನ್ನು ಎಂದ.

ಅದು ಅಷ್ಟು ಸುಲಭವಿರಲಿಲ್ಲ. ಹೋದ ತಿಂಗಳು ಚರ್ಚಿನ ಗಾಯನಮೇಳದ ಹಿರಿಯರೊಬ್ಬರು ಫೋನಿನ ಪರದೆ ಕೇಳಿದ ಯಾವುದಕ್ಕೋ ಹೂಂ ಅಂದು ಮೋಸ ಹೋಗಿದ್ದರು. ಯಂತ್ರ ಏನು ಕೇಳಿದರೂ ಬೇಡ ಎನ್ನಿ ಎಂದು ಪಾದ್ರಿ ಸೆಮಿಸಿಯವರು ಭಾನುವಾರದ ಪ್ರಸಂಗದಲ್ಲಿ ಹೇಳಿದ್ದರು. ಅಂದಿನಿಂದ ಇಡೀ ದ್ವೀಪವೇ ಬೇಡ ಎನ್ನುತ್ತಿತ್ತು. ಪೀಠದಿಂದ ಬಂದ ಮಾತನ್ನು ಕಟ್ಟೆಯ ಗುಮಾಸ್ತೆ ಮುರಿಯುವುದುಂಟೇ?

ಆ ಪಾದ್ರಿಗಳೇ ಹೊರಗೆ ಹಡಗು ಹತ್ತುವ ಸರದಿಯಲ್ಲಿ ಮೊದಲಿಗರಾಗಿ, ಗೆಣಸಿನ ಮೂಟೆಯ ಮೇಲೆ ಕೂತಿದ್ದರು. ಲವಿನಿಯಾ ಹೋಗಿ ಸಂಗತಿ ತಿಳಿಸಿದಳು. ಇದೊಂದಕ್ಕೆ ಹೂಂ ಅನ್ನಮ್ಮ ಎಂದು ಅವರು ಮೆಲ್ಲಗೆ ಹೇಳಿದರು.

"ನನ್ನ ಕಿವೀಲಿ ಹೇಳಿದ್ರೆ ಹೆಂಗೆ ಪಾದ್ರಿಗಳೇ? ಬೇಡ ಅಂದಿದ್ದು ಎಲ್ರೆದುರಿಗೆ. ಹೂಂ ಅನ್ನೋದೂ ಎಲ್ರೆದುರಿಗೇ ಆಗ್ಲಿ. ಇಲ್ದಿದ್ರೆ ನಾಳೆ ಊರೆಲ್ಲ ನನ್ನ ಮೇಲೆ ಬೀಳತ್ತೆ."

ಪಾದ್ರಿಗಳು ಸಮುದ್ರದ ಕಡೆ ನೋಡಿದರು. ದಿಬ್ಬದ ನೆತ್ತಿ ಆಗಲೇ ಕಪ್ಪಗೆ ತೋರುತ್ತಿತ್ತು. ದ್ವೀಪದ ರಿವಾಜಿನಂತೆ ಸೊಂಟಕ್ಕೆ ಸುತ್ತಿದ ಚಾಪೆ ಸರಿಮಾಡಿಕೊಂಡು, ಮೂಟೆ ಹತ್ತಿ ನಿಂತು, ಯಂತ್ರ ಕೇಳುವುದರಲ್ಲಿ ಒಳ್ಳೆಯದೂ ಇರುತ್ತದೆ, ಅಂದು ಅವಸರದಲ್ಲಿ ಆಡಿಬಿಟ್ಟೆ ಎಂದರು. ಸರದಿಯಲ್ಲಿದ್ದ ಹೆಂಗಸರು ಆಮೆನ್ ಅಂದರು. ಒಬ್ಬಿಬ್ಬರು ನಗು ನುಂಗಿಕೊಂಡರು.

ಲವಿನಿಯಾ ಒಳಗೆ ಹೋಗಿ ಗುರುತು ಒತ್ತಿದಳು. ಮತ್ತೆ ಕೋಣೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಇದೊಂದ್ಸಲವೋ, ಯಾವಾಗ್ಲೂನೋ ಅಂತ ಕೇಳ್ತಿದೆ."

"ಯಾವಾಗ್ಲೂ ಅನ್ನಮ್ಮ. ಇನ್ನೊಂದ್ಸಲ ಮೂಟೆ ಹತ್ತೋಕೆ ನನ್ನ ಮಂಡಿ ಕೇಳಲ್ಲ."

ಪಟ್ಟಿ ಬಿಸಿಬಿಸಿಯಾಗಿ ಹೊರಗೆ ಬಂತು. ಕಪ್ತಾನ ಸಹಿ ಹಾಕಿದ. ಹಡಗು ದಿಬ್ಬವನ್ನು ಸವರಿದಂತೆಯೇ ಆಚೆ ದಾಟಿತು, ತೊಗಟೆಬಟ್ಟೆಯನ್ನೂ ಪಾದ್ರಿಗಳನ್ನೂ ಹೊತ್ತುಕೊಂಡು.

ಲವಿನಿಯಾ ನೆಮ್ಮದಿಯಾಗಿ ಕೋಣೆಗೆ ಮರಳಿದರೆ ಕಂಪ್ಯೂಟರು ಇನ್ನೇನೋ ಕೇಳುತ್ತಿತ್ತು. ಸಮುದ್ರದ ಕಡೆ ನೋಡಿದಳು, ಹಡಗು ಚುಕ್ಕಿಯಾಗಿತ್ತು. ಪಾದ್ರಿಗಳು ವಾಪಸು ಬರಲಿ ಎಂದು ಯಂತ್ರಕ್ಕೆ ಬಟ್ಟೆ ಮುಚ್ಚಿ ಮನೆಗೆ ಹೋದಳು.