ಕಲ್ಲಲ್ಲಿ ಕೆತ್ತಿದ ಚಂದ್ರರು

ತಾರಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಚೀಟಿ ಮೇಡಂ ಎಂದೇ. ದಿನಾ ಬೆಳಿಗ್ಗೆ ಬಂದು, ಯಾವ ದೂರದರ್ಶಕ ಹೊಸದಾಗಿ ಏನು ಕಂಡಿತೆಂದು ಓದಿ, ಗ್ರಹಗಳ ಫಲಕದಲ್ಲಿ ಸುಳ್ಳಾಗಿಹೋದ ಅಂಕಿಯ ಮೇಲೆ ಸರಿಯಾದ ಚೀಟಿ ಅಂಟಿಸುವುದು ಅವಳ ಕೆಲಸ. ಶನಿಯ ಚಂದ್ರರು ಅರವತ್ತೆರಡಿದ್ದದ್ದು ಎಂಬತ್ತೆರಡಾಗಿ, ನೂರ ನಲವತ್ತೈದಾಗಿ, ನೂರ ನಲವತ್ತಾರಾಗಿ, ಆ ಜಾಗ ಮಾತ್ರ ಹಲ್ಲುನೋವಿನ ಕೆನ್ನೆಯ ಹಾಗೆ ಊದಿಕೊಂಡಿತ್ತು.

ಮನೆಯಲ್ಲಿ ಕಣ್ಣು ಮಂಜಾದ ಅತ್ತೆ ಕಾಯುತ್ತಿರುತ್ತಿದ್ದರು. ಸೊಸೆ ಚಪ್ಪಲಿ ಬಿಡುವ ಮುಂಚೆಯೇ, "ಏನೇ, ಶನಿ ಮನೇಲಿ ಏನಾದ್ರೂ ವಿಶೇಷಾನಾ?" ಎನ್ನುತ್ತಿದ್ದರು. ಇಬ್ಬರೂ ಜಗಳವಿಲ್ಲದೆ ಆಡುತ್ತಿದ್ದ ಮಾತು ದಿನಕ್ಕೆ ಅದೊಂದೇ.

ಹೊಸದಾಗಿ ಬಂದ ನಿರ್ದೇಶಕರಿಗೆ ಚೀಟಿ ಕಂಡರೆ ಮೈ ಉರಿ.

"ಇದೇನ್ರೀ, ತೇಪೆ ಹಾಕಿದ ಚೀಲದ ಥರ! ಕಪ್ಪು ಕಲ್ಲಲ್ಲಿ ಕೆತ್ತಿಸ್ತೀನಿ. ನೂರು ವರ್ಷ ಇರ್ಬೇಕು."

"ಸಾರ್, ದೊಡ್ಡ ದೊಡ್ಡ ವೀಕ್ಷಣಾಲಯಗಳು ಬರ್ತಿವೆ. ಇನ್ನೂ ಸಿಗ್ತವೆ."

"ಸಿಕ್ಕಿದ್ದು ಸಾಕು ಕಣ್ರೀ. ಒಂದು ಗ್ರಹಕ್ಕೆ ನೂರ ನಲವತ್ತಾರು ಸಾಲಲ್ವಾ?"

ವಿಜ್ಞಾನ ಸಂಸ್ಥೆಯ ಮುಖ್ಯಸ್ಥರೆಂದರೆ ಹೀಗಿರಬೇಕು. ಆಕಾಶಕ್ಕೇ ಸಾಕು ಎಂದು ಹೇಳುವ ಎದೆಗಾರಿಕೆ ಎಲ್ಲರಿಗೂ ಎಲ್ಲಿಂದ ಬರಬೇಕು? ಕಲ್ಲು ಬಂದಮೇಲೆ ಚೀಟಿಗೇನು ಕೆಲಸ? ಅನಾವರಣದ ಮರುದಿನದಿಂದ ಅವಳು ಟಿಕೆಟ್ ಕಿಟಕಿಯಲ್ಲಿ ಕೂರಬೇಕೆಂದು ಆದೇಶವೂ ಆಯಿತು. ಅವಳಿಗೆ ಟಿಕೆಟ್ ಹರಿಯುವುದು ಕೀಳೆಂದಲ್ಲ. ಓದುವುದೇ ಇಲ್ಲವೆಂದಮೇಲೆ ಸಂಜೆ ಅತ್ತೆಗೆ ಏನು ಹೇಳುವುದು?

ಅನಾವರಣದ ದಿನ ಬೆಳಿಗ್ಗೆ, ಕೊನೆಯ ಸಲವೆಂದು ಓದಲು ಕೂತವಳು ಎದ್ದು ಓಡಿದಳು. ನಿರ್ದೇಶಕರು ಕನ್ನಡಿಯ ಮುಂದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಸಾರ್, ಶನಿಗೆ ಇನ್ನೂ ನೂರ ಇಪ್ಪತ್ತೆಂಟು ಸಿಕ್ಕಿವೆ. ಒಟ್ಟು ಇನ್ನೂರ ಎಪ್ಪತ್ನಾಲ್ಕು!"

"ಇವತ್ತು ಬೇಡ. ನಾಳೆ ಸಿಗ್ಲಿ," ಎಂದರು ನಿರ್ದೇಶಕರು.

ಸಮಾರಂಭ ಗಡದ್ದಾಗಿ ನಡೆಯಿತು. ಮಂತ್ರಿಗಳು ಪರದೆ ಎಳೆದರು, ಚಪ್ಪಾಳೆ ಬಿತ್ತು. ಆದರೆ ಗ್ರಹಚಾರಕ್ಕೆ ಮಂತ್ರಿಗಳು ಅವತ್ತು ಕಾರಿನಲ್ಲಿ ಪತ್ರಿಕೆ ಓದಿಕೊಂಡು ಬಂದಿದ್ದರು.

"ಇನ್ನೂರ ಎಪ್ಪತ್ನಾಲ್ಕಲ್ವೇನ್ರೀ?"

ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಮೆಲ್ಲಗೆ ಅವಳ ಪಕ್ಕಕ್ಕೆ ಸರಿದು, "ಮೇಡಂ, ಒಂದು ಚೀಟಿ..." ಎಂದರು.

ಬರೆದಿಟ್ಟ ಚೀಟಿ ಅವಳ ಕೈಯಲ್ಲೇ ಇತ್ತು. ಅಂಟಿಸಿದಳು, ಜಾರಿ ಬಿತ್ತು. ಇನ್ನೊಮ್ಮೆ ಅಂಟಿಸಿದಳು, ಮತ್ತೆ ಬಿತ್ತು.

"ಪಾಲಿಶ್ ಕಲ್ಲಿಗೆ ಗೋಂದು ಹಿಡಿಯಲ್ಲ ಸಾರ್," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಕೊನೆಗೆ ಫೋಟೋ ಮುಗಿಯುವತನಕ ನಿರ್ದೇಶಕರೇ ಶನಿಯ ಪಕ್ಕ ನಿಂತು ಹೆಬ್ಬೆರಳಲ್ಲಿ ಚೀಟಿ ಒತ್ತಿಕೊಂಡಿದ್ದರು. ಮಂತ್ರಿಗಳ ಕಾರು ಗೇಟು ದಾಟಿದ್ದೇ ತಡ, ಉಗ್ರಾಣದಿಂದ ಹಳೇ ಮರದ ಫಲಕ ತರಲು ಆಳು ಹೋಯಿತು.

ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು.

"ಅತ್ತೇ, ನೂರ ಇಪ್ಪತ್ತೆಂಟು! ಒಂದೇ ಸಲಕ್ಕೆ!"

"ಅಯ್ಯಯ್ಯೋ," ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಷ್ಟಕ್ಕೂ ಬಾಣಂತನ ಮಾಡೋರು ಯಾರೇ? ನಿನ್ನ ಟಿಕೆಟ್ ಕಿಟಕೀಗೆ ಹಾಕಿದ್ರಲ್ಲ?"

"ನಾನೇ ಅತ್ತೆ," ಎಂದಳು. "ನಾಳೆಯಿಂದ ಮತ್ತೆ ನಾನೇ."